ಯೂಸುಫನೇ ಜೋಸೆಫ್: ಇಂಗ್ಲಿಷ್ ಗಂಡುಹೆಸರುಗಳ ಮೂಲ ಮತ್ತು ಅರ್ಥ

ವಿಜಯಪುರದ ಜೋರಾಪುರ ಪೇಟೆಯಲ್ಲಿ ಯೂಸುಫ್, ಇಬ್ರಾಹಿಂ, ಸಿಕಂದರ್ ಎಂದು ಯಾರನ್ನಾದರೂ ಕರೆದರೆ ಅದು ಹೊರಗಿನ ಹೆಸರೆಂದು ಯಾರಿಗೂ ಅನಿಸುವುದಿಲ್ಲ. ಬಸಪ್ಪ, ಸಿದ್ದಪ್ಪ, ಗೊಲ್ಲಾಳಪ್ಪ ಎಂಬ ಹೆಸರುಗಳ ಹಾಗೆ ಅವೂ ಈ ಊರಿನವೇ. ಜೋಸೆಫ್, ಅಬ್ರಹಾಂ, ಅಲೆಕ್ಸಾಂಡರ್ ಎಂದರೆ ಮಾತ್ರ ಇಂಗ್ಲಿಷರ ಹೆಸರು ಅನಿಸುತ್ತದೆ. ನಿಜವಾಗಿ ಇವು ಆರು ಹೆಸರುಗಳಲ್ಲ, ಮೂರೇ. ಒಂದೇ ಹೆಸರು ಒಂದು ದಾರಿಯಲ್ಲಿ ಲಂಡನ್ನಿಗೆ ಹೋಯಿತು, ಇನ್ನೊಂದು ದಾರಿಯಲ್ಲಿ ವಿಜಯಪುರಕ್ಕೆ ಬಂತು. ಇಂಗ್ಲಿಷ್ ಹೆಸರುಗಳ ಅರ್ಥ ಹುಡುಕುವವರಿಗೆ ಈ ನಗರಕ್ಕಿಂತ ಒಳ್ಳೆಯ ಆರಂಭ ಸಿಗಲಾರದು.

ಆದಿಲಶಾಹಿ ಅರಸರ ಸಾಲು

ವಿಜಯಪುರವನ್ನಾಳಿದ ಆದಿಲಶಾಹಿ ಅರಸರು ಒಂಬತ್ತು ಜನ. ಅವರಲ್ಲಿ ಐವರ ಹೆಸರಿಗೆ ಯುರೋಪಿನಲ್ಲಿ ಜೋಡಿ ಇದೆ. 1490ರ ಸುಮಾರಿಗೆ ಮನೆತನದ ಆಳ್ವಿಕೆಗೆ ಬುನಾದಿ ಹಾಕಿದ ಯೂಸುಫ್ ಆದಿಲಶಾಹನ ಹೆಸರು ಇಂಗ್ಲಿಷಿನಲ್ಲಿ ಜೋಸೆಫ್. ಹೀಬ್ರೂ ಮೂಲದಲ್ಲಿ ಇದರ ಅರ್ಥ ‘ದೇವರು ಇನ್ನೂ ಹೆಚ್ಚಿಸಲಿ’ ಎಂದು. ಅವನ ಮಗ ಇಸ್ಮಾಯಿಲನ ಹೆಸರು ‘ದೇವರು ಕೇಳುತ್ತಾನೆ’ ಎನ್ನುತ್ತದೆ. ಇಂಗ್ಲಿಷ್ ರೂಪ ಇಷ್ಮಾಯೆಲ್. ಇಬ್ರಾಹಿಂ ಎಂಬ ಹೆಸರಿನ ಇಬ್ಬರು ಪಟ್ಟವೇರಿದರು. ಅಬ್ರಹಾಂ ಎಂಬ ಇದರ ಮೂಲರೂಪಕ್ಕೆ ‘ಬಹುಜನರ ತಂದೆ’ ಎಂದು ಪರಂಪರೆ ಅರ್ಥ ಹೇಳುತ್ತದೆ. ಸಂಗೀತಪ್ರಿಯನಾದ ಎರಡನೆಯ ಇಬ್ರಾಹಿಂ 1580ರಿಂದ 1627ರವರೆಗೆ ಆಳಿದ. ಇಬ್ರಾಹಿಂ ರೋಜಾ ಅವನ ಗೋರಿ. ನಗರದ ಇಬ್ರಾಹಿಂಪುರ ಎಂಬ ಬಡಾವಣೆಯ ಹೆಸರನ್ನು ಇಂಗ್ಲಿಷರ ಬಾಯಲ್ಲಿ ಹೇಳಿಸಿದರೆ ಅದು ಅಬ್ರಹಾಮನ ಊರಾಗುತ್ತದೆ.

ಕೊನೆಯವನು ಸಿಕಂದರ್. 1686ರಲ್ಲಿ ಔರಂಗಜೇಬನಿಗೆ ಶರಣಾಗಿ ರಾಜ್ಯ ಕಳೆದುಕೊಂಡ ಈ ಹುಡುಗನಿಗೆ ಇದ್ದದ್ದು ಜಗತ್ತನ್ನೇ ಗೆಲ್ಲಲು ಹೊರಟ ಅಲೆಕ್ಸಾಂಡರನ ಹೆಸರು. ಗ್ರೀಕಿನಲ್ಲಿ ‘ಅಲೆಕ್ಸ್’ ಎಂದರೆ ಕಾಯುವುದು, ‘ಆಂಡ್ರ್’ ಎಂದರೆ ಗಂಡಸು. ಜನರನ್ನು ಕಾಯುವವನೇ ಅಲೆಕ್ಸಾಂಡರ್. ಈ ಹೆಸರು ಅರಬರಿಗೆ ಸಿಕ್ಕಾಗ ಮೊದಲಿನ ‘ಅಲ್’ ತಮ್ಮ ಭಾಷೆಯ ಉಪಪದದಂತೆ ಕೇಳಿಸಿತು. ಅದನ್ನು ಬಿಡಿಸಿ ಇಸ್ಕಂದರ್ ಎಂದರು, ಪಾರಸಿಯಲ್ಲಿ ಅದು ಸಿಕಂದರ್ ಆಯಿತು. ಸಿಕಂದರಿನ ಕೊನೆಯಲ್ಲಿ ಕೇಳುವ ‘ಅಂದರ್’ ಮತ್ತು ಆಂಡ್ರೂ ಎಂಬ ಇಂಗ್ಲಿಷ್ ಹೆಸರು ಒಂದೇ ಬೇರಿನವು.

ಹೀಬ್ರೂವಿನಿಂದ ಬಂದವು

ಇಂಗ್ಲಿಷಿನ ಅತಿ ಬಳಕೆಯ ಗಂಡುಹೆಸರುಗಳಲ್ಲಿ ದೊಡ್ಡ ಪಾಲು ಬೈಬಲಿನದು. ಯೂಸುಫಿನ ‘ಯ’ ಜೋಸೆಫಿನಲ್ಲಿ ‘ಜ’ ಆಗಲು ಲಿಪಿಯೂ ಉಚ್ಚಾರಣೆಯೂ ಕಾರಣ. ಲ್ಯಾಟಿನ್ನಿನಲ್ಲಿ ಈ ಹೆಸರುಗಳನ್ನು ಬರೆದ ಅಕ್ಷರಕ್ಕೆ ಮೊದಲು ‘ಯ’ ಎಂಬ ಉಚ್ಚಾರವೇ ಇತ್ತು. ಫ್ರಾನ್ಸಿನ ದಾರಿಯಲ್ಲಿ ಅದು ‘ಜ’ಕಾರಕ್ಕೆ ತಿರುಗಿತು. ಹೀಗೆ ಯೋಹಾನ ಜಾನ್ ಆದ, ಯಾಕೂಬ ಜೇಕಬ್ ಆದ. ಲ್ಯಾಟಿನ್ನಿನಲ್ಲೇ ಯಾಕೋಬುಸ್ ಸವೆದು ಯಾಕೋಮುಸ್ ಎಂದಾದಾಗ ಅದರಿಂದ ಜೇಮ್ಸ್ ಹುಟ್ಟಿತು. ಜೇಕಬ್, ಜೇಮ್ಸ್ ಎರಡೂ ಯಾಕೂಬನೇ. ಜಾನ್ ಎಂದರೆ ‘ದೇವರು ಕೃಪೆ ತೋರಿದ್ದಾನೆ’. ಐರ್ಲೆಂಡಿನ ಶಾನ್, ಸ್ಕಾಟ್ಲೆಂಡಿನ ಇಯಾನ್, ರಷ್ಯಾದ ಇವಾನ್ ಇದರ ರೂಪಗಳೇ. ಕನ್ನಡ ಶಾಸನಗಳ ಅಧ್ಯಯನದಲ್ಲಿ ಪ್ರಾತಃಸ್ಮರಣೀಯರಾದ ಜಾನ್ ಫೇತ್‌ಫುಲ್ ಫ್ಲೀಟ್ ಅವರ ಹೆಸರಿನಲ್ಲಿರುವುದೂ ಇದೇ.

‘ಎಲ್’ ಎಂದು ಮುಗಿಯುವ ಹೆಸರುಗಳಲ್ಲಿ ಆ ಅಕ್ಷರಗಳು ದೇವರನ್ನು ಸೂಚಿಸುತ್ತವೆ. ಮೈಕೆಲ್ ‘ದೇವರಿಗೆ ಸಮ ಯಾರು?’ ಎಂಬ ಪ್ರಶ್ನೆ. ಡೇನಿಯಲ್ ‘ದೇವರೇ ನನ್ನ ನ್ಯಾಯಾಧೀಶ’. ಗೇಬ್ರಿಯಲ್ ‘ದೇವರೇ ನನ್ನ ಬಲ’. ಮುಸ್ಲಿಮರು ಜಿಬ್ರೀಲ್ ಎನ್ನುವ ದೇವದೂತ ಈ ಗೇಬ್ರಿಯಲ್. ಡೇವಿಡ್ ಅಂದರೆ ‘ಪ್ರೀತಿಪಾತ್ರ’, ನಮ್ಮಲ್ಲಿ ದಾವೂದ್. ಸಾಲೊಮನ್ ಸುಲೇಮಾನ್, ಮೋಸೆಸ್ ಮೂಸಾ, ಆರನ್ ಹಾರೂನ್, ಜೋನಾ ಯೂನುಸ್. ಜೋನಾಥನ್, ಮ್ಯಾಥ್ಯೂ ಎರಡಕ್ಕೂ ‘ದೇವರು ಕೊಟ್ಟದ್ದು’ ಎಂಬ ಭಾವ. ಹರಕೆ ಹೊತ್ತು ಪಡೆದ ಮಗನಿಗೆ ಗುರುಪ್ರಸಾದ ಎಂದೋ ಅಲ್ಲಾಬಕ್ಷ ಎಂದೋ ಹೆಸರಿಡುವ ಮನೆಗಳಿಗೆ ಈ ಭಾವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗ್ರೀಕ್ ಮತ್ತು ಲ್ಯಾಟಿನ್

ಗ್ರೀಕ್ ಹೆಸರುಗಳು ಬದುಕಿನ ಕಸುಬಿಗೆ ಹತ್ತಿರ. ಜಾರ್ಜ್ ಎಂದರೆ ಮಣ್ಣಿನಲ್ಲಿ ದುಡಿಯುವವನು, ಅಪ್ಪಟ ಒಕ್ಕಲಿಗ. ಇಂಗ್ಲೆಂಡಿನ ಆರು ಅರಸರು ಧರಿಸಿದ ಈ ಹೆಸರಿನ ಅರ್ಥಕ್ಕೆ ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಬೆಳೆಗಾರರೇ ಸರಿಯಾದ ವಾರಸುದಾರರು. ಪೀಟರ್ ಬಂಡೆ, ಸ್ಟೀಫನ್ ಕಿರೀಟ, ನಿಕೋಲಸ್ ಜನರ ಗೆಲುವು, ಫಿಲಿಪ್ ಕುದುರೆಗಳನ್ನು ಪ್ರೀತಿಸುವವನು. ಸುರಪುರದಲ್ಲಿ ಆಡಳಿತಗಾರನಾಗಿದ್ದು, ವಿಜಯಪುರದ ಕಟ್ಟಡಗಳ ಬಗ್ಗೆ 1866ರಲ್ಲಿ ಜೇಮ್ಸ್ ಫರ್ಗುಸನ್ ಜೊತೆ ಗ್ರಂಥ ತಂದ ಮೆಡೋಸ್ ಟೇಲರನ ಮೊದಲ ಹೆಸರು ಫಿಲಿಪ್. ಥಾಮಸ್ ಮಾತ್ರ ಅರಾಮಿಕ್ ಭಾಷೆಯದು, ‘ಅವಳಿ’ ಎಂದು ಅರ್ಥ.

ಲ್ಯಾಟಿನ್ನಿನ ಪಾಲ್ ‘ಚಿಕ್ಕವನು’. ಮಾರ್ಟಿನ್ ಯುದ್ಧದೇವತೆ ಮಾರ್ಸ್‌ಗೆ ಸೇರಿದವನು. ವಿಕ್ಟರ್ ಗೆದ್ದವನು, ವಿನ್ಸೆಂಟ್ ಗೆಲ್ಲುತ್ತಿರುವವನು. 2014ರ ನವೆಂಬರ್ 1ರಂದು ಸರ್ಕಾರಿ ಕಡತಗಳಲ್ಲೂ ವಿಜಯಪುರ ಎಂದೇ ಆದ ನಗರದಲ್ಲಿ ವಿಕ್ಟರನಿಗೆ ಸಮನಾದ ವಿಜಯ, ವಿಜಯಕುಮಾರರಿಗೆ ಬರವಿಲ್ಲ.

ಅಪ್ಪಟ ಇಂಗ್ಲಿಷಿನವು

ಇಂಗ್ಲಿಷ್ ನೆಲದಲ್ಲೇ ಹುಟ್ಟಿದ ಹೆಸರುಗಳು ಕೆಲವೇ. ಎಡ್ವರ್ಡ್ (ಸಿರಿಯ ಕಾವಲುಗಾರ), ಎಡ್ವಿನ್ (ಸಿರಿಯ ಗೆಳೆಯ), ಎಡ್ಗರ್ (ಸಿರಿ ಮತ್ತು ಈಟಿ), ಆಲ್ಫ್ರೆಡ್ (ಯಕ್ಷರ ಸಲಹೆ ಪಡೆದವನು), ಆಸ್ವಾಲ್ಡ್ (ದೈವದ ಆಳ್ವಿಕೆ) ಈ ಗುಂಪಿನವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಜನ ತಮ್ಮ ಹಳೆಯ ಹೆಸರುಗಳನ್ನು ಬಿಟ್ಟು ಆಳುವವರ ಹೆಸರುಗಳಿಗೆ ಒಲಿದರು. ವಿಲಿಯಂ (ಸಂಕಲ್ಪ ಮತ್ತು ಶಿರಸ್ತ್ರಾಣ), ರಾಬರ್ಟ್ (ಕೀರ್ತಿಯಿಂದ ಬೆಳಗುವವನು), ರಿಚರ್ಡ್ (ಬಲವಂತ, ಗಟ್ಟಿಗ), ಹೆನ್ರಿ (ಮನೆಯ ಒಡೆಯ) ಹೀಗೆ ಬಂದವು. ಇವುಗಳ ಬೇರು ಜರ್ಮನ್ ಭಾಷಾಕುಲದ್ದು. ವಿಜಯಪುರದ ಸ್ಮಾರಕಗಳನ್ನು ಒಂದೊಂದಾಗಿ ಅಳೆದು 1916ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದ ಹೆನ್ರಿ ಕಸಿನ್ಸ್ ಹೆಸರಿನಲ್ಲಿ ಈ ಮನೆಯ ಒಡೆಯನಿದ್ದಾನೆ.

ಇಂಥ ಹೆಸರುಗಳನ್ನು ಕಟ್ಟುವ ಕ್ರಮ ನಮಗೆ ಹೊಸದಲ್ಲ. ಬಸವ ಮತ್ತು ರಾಜ ಸೇರಿ ಬಸವರಾಜನಾದಂತೆ ಅಲ್ಲಿಯೂ ಎರಡು ಪದ ಸೇರಿ ಒಂದು ಹೆಸರು. ಮೊಟಕು ಮಾಡುವ ಪ್ರೀತಿಯೂ ಅದೇ. ಸಿದ್ದರಾಮ ಸಿದ್ದು, ಮಲ್ಲಿಕಾರ್ಜುನ ಮಲ್ಲು ಆಗುವ ಹಾಗೆ ವಿಲಿಯಂ ವಿಲ್ ಆಗಿ, ಪ್ರಾಸ ಹಿಡಿದು ಬಿಲ್ ಆದ. ರಾಬರ್ಟ್ ರಾಬ್ ಆಗಿ ಬಾಬ್ ಆದ.

ಊರು, ಕಸುಬು, ಅಡ್ಡಹೆಸರು

ಇಂಡಿ, ಸಿಂದಗಿ, ಬಬಲೇಶ್ವರ ಎಂದು ಊರೇ ಅಡ್ಡಹೆಸರಾಗುವುದು ನಮ್ಮ ಕಡೆಯ ರೂಢಿ. ಬಡಿಗೇರ, ಕುಂಬಾರ, ಹೂಗಾರ ಎಂದು ಕಸುಬೂ ಹೆಸರಾಗುತ್ತದೆ. ಇಂಗ್ಲಿಷಿನಲ್ಲಿ ಕಮ್ಮಾರ ಸ್ಮಿತ್, ಸಿಂಪಿಗ ಟೇಲರ್. ಅವರು ಒಂದು ಹೆಜ್ಜೆ ಮುಂದೆ ಹೋಗಿ ಅಡ್ಡಹೆಸರನ್ನೇ ಮಗುವಿನ ಮೊದಲ ಹೆಸರಾಗಿಸಿದರು. ಸ್ಟಾನ್ಲಿ ಎಂದರೆ ಕಲ್ಲುಗಳಿರುವ ಬಯಲು, ಕ್ಲಿಫರ್ಡ್ ಎಂದರೆ ಕಡಿದಾದ ದಂಡೆಯ ಬಳಿಯ ಹೊಳೆದಾಟು. ಎರಡೂ ಮೊದಲು ಊರಿನ ಹೆಸರುಗಳು.

ಕನ್ನಡ ಕ್ರೈಸ್ತರ ಮನೆಗಳಲ್ಲಿ

ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂತು. ಉತ್ತರ ಕರ್ನಾಟಕದ ಕ್ರೈಸ್ತ ಮನೆಗಳಿಗೆ ಈ ಹೆಸರುಗಳು ಇಂಗ್ಲಿಷ್ ಉಡುಪಿನಲ್ಲಷ್ಟೇ ಬರಲಿಲ್ಲ. ಕನ್ನಡ ಬೈಬಲ್ ಅವುಗಳಿಗೆ ಯೋಹಾನ, ಯೋಸೇಫ, ಯಾಕೋಬ, ದಾವೀದ, ಪೇತ್ರ, ತೋಮ ಎಂಬ ರೂಪ ಕೊಟ್ಟಿತು. ಇವು ಜಾನ್, ಜೇಮ್ಸ್‌ಗಳಿಗಿಂತ ಹೀಬ್ರೂ, ಗ್ರೀಕ್ ಮೂಲಗಳಿಗೆ ಹತ್ತಿರ. ಕನ್ನಡದ ನಾಲಿಗೆಗೂ ಹಗುರ.

ಹೆಸರಿಡುವ ಮುನ್ನ

ಈಗ ಎಲ್ಲ ಧರ್ಮದ ಮನೆಗಳಲ್ಲೂ ಎರಡಕ್ಷರದ, ಮೂರಕ್ಷರದ ಚುಟುಕು ಹೆಸರುಗಳಿಗೆ ಬೇಡಿಕೆ. ಇಲ್ಲಿ ಸದ್ದು ಒಂದೇ ಇದ್ದು ಬೇರು ಬೇರೆ ಇರುವುದನ್ನು ಗಮನಿಸಬೇಕು. ನಮ್ಮ ಕಿರಣ ಬೆಳಕಿನ ಎಳೆ. ಐರ್ಲೆಂಡಿನ ಕೀರನ್ ‘ಪುಟ್ಟ ಕರಿಯ’. ಸಂಸ್ಕೃತದ ನೀಲ ಬಣ್ಣ. ಇಂಗ್ಲಿಷಿನ ನೀಲ್ ಐರಿಷ್ ನಿಯಾಲ್‌ನಿಂದ ಬಂದದ್ದು. ಅರಬ್ಬಿಯ ರಯ್ಯಾನ್ ಉಪವಾಸಿಗರು ಪ್ರವೇಶಿಸುವ ಸ್ವರ್ಗದ ಬಾಗಿಲು. ರಯಾನ್ ಎಂದೇ ಕೇಳುವ ಇಂಗ್ಲಿಷ್ ಹೆಸರು ಐರಿಷ್ ಮನೆತನದ್ದು, ‘ಪುಟ್ಟ ರಾಜ’ ಎಂದು ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ಹೆಸರು ಯಾವ ಭಾಷೆಯದು ಎಂದು ಮೊದಲು ತಿಳಿದುಕೊಂಡು ಆಮೇಲೆ ಅರ್ಥ ನೋಡಿದರೆ ಮೋಸವಾಗದು.

ಸೋದರತ್ತೆ ತೊಟ್ಟಿಲಿಗೆ ಬಾಗಿ ಮಗುವಿನ ಕಿವಿಯಲ್ಲಿ ಹೇಳುವ ಹೆಸರು ಯಾವುದೇ ಇರಲಿ, ಅದರ ಹಿಂದೆ ತಲೆಮಾರುಗಳ ಆಸೆ ಇದೆ: ದೇವರು ಕೊಟ್ಟ, ಕಾಯಲಿ, ಗೆಲ್ಲಲಿ, ಬೆಳೆಯಲಿ. ಇಂಗ್ಲಿಷಿನ ಹೆಸರುಗಳೂ ಇದನ್ನೇ ಹೇಳುತ್ತವೆ. ಆದ್ದರಿಂದ ಜೋಸೆಫ್ ಪರಕೀಯ, ಯೂಸುಫ್ ನಮ್ಮವ, ಅಥವಾ ಯೂಸುಫ್ ಪರಕೀಯ, ಬಸಪ್ಪ ನಮ್ಮವ ಎಂದು ಗೆರೆ ಎಳೆಯುವುದಕ್ಕೆ ಹೆಸರುಗಳ ಚರಿತ್ರೆಯಲ್ಲಿ ಆಧಾರವಿಲ್ಲ. ಐದು ಶತಮಾನ ಒಂದೇ ಪೇಟೆಯಲ್ಲಿ ಕೂಗಿ ಕರೆಸಿಕೊಂಡ ಹೆಸರುಗಳೆಲ್ಲ ಆ ಪೇಟೆಯವೇ.