ಸುಶ್ರುತ, ಲಂಡನ್ ಬಸ್ಸು ಮತ್ತು ನಮ್ಮಪ್ಪನ ಶುಗರ್

ಹೋದ ತಿಂಗಳು ಮಾನ್ವಿಯಿಂದ ಅಪ್ಪನ ಫೋನು. ರಾಯಚೂರಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದರು. ಬರೀ ಹೊಟ್ಟೆಯಲ್ಲಿ ೧೧೮. ಸಕ್ಕರೆ ಕಾಯಿಲೆ ಅನ್ನೋದು ೧೨೬ರಿಂದ ಶುರು, ಆದರೆ ೧೦೦ ದಾಟಿತು ಅಂದರೆ ಅಂಚಿಗೆ ಬಂದು ನಿಂತ ಹಾಗೆ. "ದಿನಾ ನಡೀರಿ ಅಂದ್ರು ಡಾಕ್ಟ್ರು. ಹೊಲ ಮನಿ ಮಾಡೋರಿಗೆ ಎಂಥಾ ವಾಕಿಂಗೋ ತಮ್ಮಾ?" ಅಂತ ನಕ್ಕರು. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ನನಗೆ ಮಾತ್ರ ನಗು ಬರಲಿಲ್ಲ. ಈ "ನಡೀರಿ" ಅನ್ನೋ ಮಾತು ಎಲ್ಲಿಂದ ಬಂತು ಅಂತ ಹುಡುಕುತ್ತಾ ಕೂತೆ (ಕೂತೇ ಹುಡುಕಿದೆ ಅನ್ನಿ!).

ಬಹಳ ಹಳೆಯ ಮಾತು ಇದು. ಪ್ರಮೇಹ ಬಂದ ಬಡವ ಕಾಲಿಗೆ ಚಪ್ಪಲಿ, ತಲೆಗೆ ಕೊಡೆ ಇಲ್ಲದೆ, ಒಂದೂರಲ್ಲಿ ಒಂದೇ ರಾತ್ರಿ ತಂಗುತ್ತಾ ನೂರು ಯೋಜನ ನಡೆಯಬೇಕು ಅಂತ ಸುಶ್ರುತ ಸಂಹಿತೆಯಲ್ಲಿದೆ. ದನಗಳ ಹಿಂದೆ ಅಲೆಯುವುದು, ಹೊಲ ಉಳುವುದು, ಬಾವಿ ತೋಡುವುದು ಕೂಡ ಅದೇ ಪಟ್ಟಿಯಲ್ಲಿವೆ. ತೆಳ್ಳಗಿರುವ ರೋಗಿಯನ್ನು ಮಾತ್ರ ಕಾಪಾಡಿಕೊಳ್ಳಬೇಕು ಅಂತಲೂ ಹೇಳಿದೆ. ನನಗೆ ತುಂಬಾ ಹಿಡಿಸಿದ್ದು ಇದೇ.

ಇಂಥದ್ದನ್ನು ಲೆಕ್ಕ ಹಾಕಿ ತೋರಿಸಿದ್ದು ಬಹಳ ತಡವಾಗಿ. ೧೯೫೩ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನವರ ಬಗ್ಗೆ 'ಲ್ಯಾನ್ಸೆಟ್'ನಲ್ಲಿ ಬರೆದರು. ಕೂತೇ ಇರುವ ಡ್ರೈವರ್‌ಗಳಿಗಿಂತ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರ್‌ಗಳಿಗೆ ಹೃದ್ರೋಗ ಕಡಿಮೆ. ಅದು ಹೃದಯದ ಮಾತು, ಸಕ್ಕರೆಯದ್ದಲ್ಲ. ಆದರೂ ದಾರಿ ತೆರೆದದ್ದು ಅದು.

ತಮಾಷೆ ನೋಡಿ, ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಬಿಟ್ಟದ್ದೂ ೧೯೫೩ರಲ್ಲೇ. ರಾಯಚೂರು ಆಗ ಹೈದರಾಬಾದ್ ರಾಜ್ಯದಲ್ಲಿತ್ತು. ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳಿಗೆ. ಆಂಧ್ರದಿಂದ ಬಂದು ಕ್ಯಾಂಪ್ ಕಟ್ಟಿಕೊಂಡ ರೈತರ ಜೊತೆ ಭತ್ತ ಹಬ್ಬಿತು. ಮೇಲಿನವರು ಭತ್ತಕ್ಕೆ ನೀರು ಹಿಡಿದರೆ ಕೊನೆ ಭಾಗದ ಮಾನ್ವಿ, ರಾಯಚೂರಿಗೆ ಬರೋದೇ ಕಷ್ಟ. ಅದು ಬೇರೆಯೇ ಜಗಳ, ಬಿಡಿ.

ನಮ್ಮನೇಲಿ ಆದದ್ದಿಷ್ಟು: ಅಜ್ಜ ಎತ್ತಿನ ಹಿಂದೆ ದಿನವೆಲ್ಲಾ ಕುಂಟೆ ಹೊಡೆಯುತ್ತಿದ್ದ, ಜೋಳದ ರೊಟ್ಟಿ ತಿನ್ನುತ್ತಿದ್ದ. ಅಪ್ಪನ ಕಾಲಕ್ಕೆ ಟ್ರ್ಯಾಕ್ಟರ್, ಕೊಯ್ಲಿಗೆ ಮಷೀನು, ಹೊಲಕ್ಕೆ ಹೋಗಲು ಬೈಕು. ಎರಡು ಹೊತ್ತೂ ಅನ್ನ. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ ಬಂದದ್ದು ಎಷ್ಟೋ ವರ್ಷ ತಡವಾಗಿ, ಆದರೆ ಅಲ್ಲಿಯ ನಮ್ಮ ಮಾವನ ಮನೆಯಲ್ಲೂ ಈಗ ಇದೇ ಕಥೆ. ರೈತ ರೈತನೇ, ಮೈಕೆಲಸ ಮಾತ್ರ ಸದ್ದಿಲ್ಲದೆ ಜಾರಿ ಹೋಗಿತ್ತು. ದುಡಿಯುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ರಕ್ತದ ಸಕ್ಕರೆ ಎಳೆದುಕೊಳ್ಳುತ್ತದೆ. ಹೊಲದ ಬದುವಿನಲ್ಲಿ ಬೈಕ್ ಮೇಲೆ ಕೂತು ಮಷೀನು ನೋಡುತ್ತಿದ್ದರೆ ಅದಕ್ಕೆಲ್ಲಿ ಕೆಲಸ?

೧೯೮೬ರಲ್ಲಿ ಚೀನಾದ ಡಾಚಿಂಗ್ ಊರಿನಲ್ಲಿ ಅಪ್ಪನ ಹಾಗೆ ಅಂಚಿನಲ್ಲಿದ್ದ ೫೭೭ ಜನರನ್ನು ಆರು ವರ್ಷ ಗಮನಿಸಿದರು. ಏನೂ ಮಾಡದವರಲ್ಲಿ ಸುಮಾರು ೬೮ ಶೇಕಡಾ ಮಂದಿಗೆ ಕಾಯಿಲೆ ಬಂತು. ವ್ಯಾಯಾಮ ಮಾಡಿದವರಲ್ಲಿ ೪೧. ನಮ್ಮ ದೇಶದ್ದೂ ಒಂದಿದೆ, ಚೆನ್ನೈನ ಡಾ. ಎ. ರಾಮಚಂದ್ರನ್ ತಂಡದ್ದು, ೨೦೦೬ರಲ್ಲಿ ಪ್ರಕಟವಾದದ್ದು. ೫೩೧ ಜನ. ಮೂರು ವರ್ಷದಲ್ಲಿ ೫೫ ಶೇಕಡಾ ಆಗಬೇಕಿದ್ದದ್ದು ಊಟ-ನಡಿಗೆ ಬದಲಿಸಿದವರಲ್ಲಿ ೩೯ಕ್ಕೆ ಇಳಿಯಿತು. ಮೆಟ್‌ಫಾರ್ಮಿನ್ ಮಾತ್ರೆ ತಗೊಂಡವರದ್ದೂ ಹೆಚ್ಚು ಕಡಿಮೆ ಅಷ್ಟೇ. ಅಲ್ಲಿ ಎಲ್ಲರಿಗೂ ಒಂದೇ ಸಲಹೆ ಇರಲಿಲ್ಲ. ಮೈಮುರಿದು ದುಡಿಯುವವರಿಗೆ, ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ನಡೆಯುವ, ಸೈಕಲ್ ತುಳಿಯುವವರಿಗೆ 'ಅದನ್ನೇ ಮುಂದುವರಿಸಿ' ಅಂದರು. ಕೂತು ಕೆಲಸ ಮಾಡುವವರಿಗೆ ದಿನಕ್ಕೆ ಅರ್ಧ ಗಂಟೆ ಬಿರುಸು ನಡಿಗೆ.

ಇದನ್ನೇ ಫೋನಿನಲ್ಲಿ ಹೇಳಿ, "ಅಪ್ಪಾ, ನೀ ಈಗ ಯಾವ ಗುಂಪಿನಾಗ ಬರ್ತಿ?" ಅಂದೆ.

"ದುಡಿಯೋರ ಗುಂಪು" ಅಂದರು ತಟ್ಟನೆ. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. "ಮೊದ್ಲು ಅದರಾಗ ಇದ್ದೆ ನೋಡಪ್ಪ."

ಈಗ ಬೈಕನ್ನು ಕಾಲುವೆ ಸೇತುವೆ ಹತ್ರನೇ ನಿಲ್ಲಿಸಿ ಹೊಲಕ್ಕೆ ನಡೆದು ಹೋಗ್ತಾರಂತೆ, ಅವ್ವ ಹೇಳಿದ್ಳು. ಮೂರು ತಿಂಗಳಿಗೆ ಮತ್ತೆ ರಾಯಚೂರಿಗೆ ಹೋಗಬೇಕು. ನನ್ನ ರಕ್ತನೂ ಆಗಲೇ ತೋರಿಸೋಣ ಅಂತಿದೀನಿ.