ಹಾಡಿಸುವ ತಂತ್ರಾಂಶ ಬದಲಾದರೆ ನಾದ ಬದಲಾದೀತೆ?

ಗಣಕದಲ್ಲಿ ಹಾಡು ಕೇಳುವವರ ನಡುವೆ ಇಪ್ಪತ್ತು ವರ್ಷಗಳಿಗೂ ಮೀರಿ ಬಗೆಹರಿಯದ ಒಂದು ಜಗಳವಿದೆ. ಹಾಡು ಅದೇ, ಗಣಕ ಅದೇ, ಧ್ವನಿವರ್ಧಕವೂ ಅದೇ. ಆದರೂ ಹಾಡಿಸುವ ತಂತ್ರಾಂಶವನ್ನು ಬದಲಿಸಿದರೆ ನಾದ ಇಂಪಾಗುತ್ತದೆ ಎಂದು ಕೆಲವರು ಆಣೆಯಿಟ್ಟು ಹೇಳುತ್ತಾರೆ. ಅದೆಲ್ಲ ಭ್ರಮೆ ಎಂದು ಉಳಿದವರು ನಗುತ್ತಾರೆ. ನಗುವವರ ಪಕ್ಷವೇ ಬಲವಾದದ್ದು; ಆದರೆ ಮೊದಲಿನವರ ಮಾತಿಗೂ ಒಂದು ಕಾಲದಲ್ಲಿ ಆಧಾರವಿತ್ತು.

1982ರಲ್ಲಿ ಜಪಾನಿನಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದಾಗ ಸಂಗೀತ ಅಂಕಿಗಳ ರೂಪ ತಾಳಿ ಮನೆಮನೆಗೆ ಹೊರಟಿತು. ಸೆಕೆಂಡಿಗೆ 44,100 ಬಾರಿ ಧ್ವನಿಯನ್ನು ಅಳೆದು, ಪ್ರತಿ ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಒಂದಕ್ಕೆ ಹೊಂದಿಸಿ ಬರೆದಿಡುವುದು ಅದರ ಕ್ರಮ. ಈ ಅಂಕಿಗಳನ್ನು ಓದಿ ಧ್ವನಿ ಕಾರ್ಡಿಗೆ ತಲುಪಿಸುವುದಷ್ಟೇ ತಂತ್ರಾಂಶದ ಕೆಲಸ; ಒಂದು ರೀತಿಯಲ್ಲಿ ಅಂಚೆಯಣ್ಣನ ಕೆಲಸ. ಯಾರು ತಂದುಕೊಟ್ಟರೂ ಕಾಗದದ ಒಕ್ಕಣೆ ಬದಲಾಗದು. ಎಂಪಿ3 ಹಾಡುಗಳಲ್ಲಿ ಅಡಕಿದ್ದನ್ನು ಬಿಡಿಸುವ ಲೆಕ್ಕವಿದೆ ನಿಜ, ಆದರೆ ಆ ಲೆಕ್ಕವನ್ನೂ ಅಂತರರಾಷ್ಟ್ರೀಯ ಮಾನದಂಡವೇ ಗೊತ್ತುಮಾಡಿದೆ.

ತೊಡಕಿದ್ದದ್ದು ದಾರಿಯಲ್ಲಿ. ಅಮೆರಿಕದ ಜಸ್ಟಿನ್ ಫ್ರಾಂಕೆಲ್ ಅವರ ವಿನ್‌ಆಂಪ್ ತಂತ್ರಾಂಶ ಬಂದ 1997ರಲ್ಲೇ ಇಂಟೆಲ್ ಸಂಸ್ಥೆ ಎಸಿ97 ಎಂಬ ಧ್ವನಿ ವ್ಯವಸ್ಥೆಯನ್ನು ರೂಪಿಸಿತು. ಅದರ ಮೂಲ ಲೆಕ್ಕ ಸೆಕೆಂಡಿಗೆ 48,000 ಅಳತೆ. ಮರುವರ್ಷದ ಸೌಂಡ್ ಬ್ಲಾಸ್ಟರ್ ಲೈವ್ ಕಾರ್ಡಿನ ಒಳಗೂ ಅದೇ ಲೆಕ್ಕ. ಅಂದರೆ ಸಿ.ಡಿ.ಯ ಪ್ರತಿ 147 ಅಳತೆಗಳ ಜಾಗದಲ್ಲಿ 160 ಅಳತೆಗಳನ್ನು ಹೊಸದಾಗಿ ಲೆಕ್ಕಹಾಕಿ ಕೂರಿಸಬೇಕು. ನಾಜೂಕಾಗಿ ಮಾಡಿದರೆ ಯಾರಿಗೂ ತಿಳಿಯದು. ಅವಸರದಲ್ಲಿ ಮಾಡಿದರೆ ಮೂಲದಲ್ಲಿಲ್ಲದ ಸಣ್ಣ ಅಪಸ್ವರಗಳು ಹುಟ್ಟುತ್ತವೆ. ಸಾಲದೆಂಬಂತೆ ವಿಂಡೋಸ್ ಕೂಡ ಹಾಡನ್ನೂ ತನ್ನದೇ ಎಚ್ಚರಿಕೆಯ 'ಟಿಂಗ್' ಸದ್ದನ್ನೂ ಕಲಸಿ ಒಂದೇ ಧಾರೆ ಮಾಡುತ್ತಿತ್ತು. ಈ ಕಲಸುವಿಕೆಯನ್ನು ತಪ್ಪಿಸಿ ನೇರವಾಗಿ ಕಾರ್ಡನ್ನು ತಲುಪಲು ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆ ಎಎಸ್‌ಐಒ ಎಂಬ ದಾರಿ ತೆರೆಯಿತು. 2007ರ ವಿಂಡೋಸ್ ವಿಸ್ತಾದಲ್ಲಿ ಅಂಥದೇ ಒಳದಾರಿ ಸಿಕ್ಕಿತು. ಆ ದಾರಿ ಹಿಡಿದ ತಂತ್ರಾಂಶಕ್ಕೂ ಹಿಡಿಯದ್ದಕ್ಕೂ ಕಾರ್ಡು ಮುಟ್ಟಿದ ಅಂಕಿಗಳೇ ಬೇರೆ. ವ್ಯತ್ಯಾಸ ಕೇಳಿತೆಂದವರೆಲ್ಲ ಸುಳ್ಳಾಡಿದರೆನ್ನಲಾಗದು.

ಆದರೆ ಹೆಚ್ಚಿನ ಪಾಲು ಕಿವಿಯ ಆಟವೇ. ಒಂದು ತಂತ್ರಾಂಶ ಕೂದಲೆಳೆಯಷ್ಟು ಜೋರಾಗಿ ಹಾಡಿದರೂ ಸಾಕು, ನಮಗೆ ಅದು 'ಜೋರು' ಎನಿಸುವುದಿಲ್ಲ, 'ಚೆನ್ನ' ಎನಿಸುತ್ತದೆ. ವಿನ್‌ಆಂಪ್‌ನ ಹತ್ತು ಪಟ್ಟಿಗಳ ಸ್ವರ ಹೊಂದಾಣಿಕೆಯನ್ನು ಮೇಲೇರಿಸಿಟ್ಟು ಮರೆತವರೆಷ್ಟೋ!

ಇದಕ್ಕೆ ಮದ್ದು ಹೆಸರು ಮುಚ್ಚಿಟ್ಟು ಕೇಳಿಸುವುದು. ಇಂಥ ಪರೀಕ್ಷೆಯ ಒಂದು ಕ್ರಮವನ್ನು ಬೆಲ್ ಪ್ರಯೋಗಾಲಯದವರು 1950ರಲ್ಲೇ ಪ್ರಕಟಿಸಿದ್ದರು. ಮೊದಲು 'ಎ', ಆಮೇಲೆ 'ಬಿ', ಕೊನೆಗೆ ಎರಡರಲ್ಲೊಂದನ್ನು ಗುಟ್ಟಾಗಿ ಕೇಳಿಸಿ, ಯಾವುದೆಂದು ಕೇಳುವುದು. ಒಮ್ಮೆ ಸರಿಯೆಂದರೆ ನಾಣ್ಯ ಚಿಮ್ಮಿದಂತಾಯಿತು. ಹತ್ತಕ್ಕೆ ಹತ್ತೂ ಸರಿಯಾಗಿ ಊಹಿಸುವ ಸಂಭವ ಮಾತ್ರ 1,024ರಲ್ಲಿ ಒಂದು. ಪೀಟರ್ ಪಾವ್ಲೊವ್‌ಸ್ಕಿ 2002ರಲ್ಲಿ ಹೊರತಂದ ಫೂಬಾರ್2000 ತಂತ್ರಾಂಶಕ್ಕೆ ಈ ಪರೀಕ್ಷೆಯನ್ನೇ ಒಂದು ಬಿಡಿಭಾಗವಾಗಿ ಸೇರಿಸಿಕೊಳ್ಳಬಹುದು. ನಾದಪ್ರಿಯರು ಹಾಡಿ ಹೊಗಳುವ ಈ ತಂತ್ರಾಂಶ ಉಳಿದವಕ್ಕಿಂತ ಚೆನ್ನಾಗಿ ಹಾಡುತ್ತದೆಯೇ ಎಂಬ ಪ್ರಶ್ನೆಗೆ ಅದರ ಕೈಪಿಡಿಯೇ ಉತ್ತರ ಕೊಟ್ಟಿದೆ: ಇಲ್ಲ.