ಫೌಂಟನ್ ಪೆನ್ನು: ಶಾಯಿ ತುಂಬುವ ವಿಧಾನಗಳು

ಫೌಂಟನ್ ಪೆನ್ನಿಗೆ ಶಾಯಿ ತುಂಬುವ ಉಪಾಯಗಳ ಇತಿಹಾಸವನ್ನು ಬಹುಮಟ್ಟಿಗೆ ಸುಧಾರಣೆಯ ಇತಿಹಾಸವೆಂದೇ ಬರೆಯಲಾಗಿದೆ. 1884ರಲ್ಲಿ ಲೂಯಿಸ್ ವಾಟರ್‌ಮನ್ ಪೇಟೆಂಟ್ ಪಡೆದ ಪೆನ್ನಿನ ಕೊಳವೆಗೆ ಡ್ರಾಪರಿನಿಂದ ಹನಿಹನಿಯಾಗಿ ಶಾಯಿ ಬಿಡಬೇಕಿತ್ತು. ಕೈಗೆ ಮಸಿ ಹತ್ತದಿರಲೆಂದು ಒಳಗೆ ರಬ್ಬರ್ ಚೀಲ ಬಂತು. ಅದನ್ನು ಅಮುಕಿ ಬಿಡಲು ಅಯೋವಾದ ಆಭರಣ ವ್ಯಾಪಾರಿ ವಾಲ್ಟರ್ ಶೆಫರ್ 1908ರಲ್ಲಿ ಪುಟ್ಟ ಸನ್ನೆಗೆ ಪೇಟೆಂಟ್ ಪಡೆದ. 1929ರಲ್ಲಿ ಪೆಲಿಕಾನ್ ಕಂಪನಿಯ ತಿರುಪಿನ ಪಿಸ್ಟನ್, 1933ರಲ್ಲಿ ಪಾರ್ಕರ್ ವ್ಯಾಕ್ಯುಮ್ಯಾಟಿಕ್, ಆಮೇಲೆ ಪ್ಲಾಸ್ಟಿಕ್ ಕಾರ್ಟ್ರಿಜ್. ಈ ಸಾಲಿನಲ್ಲಿ ಡ್ರಾಪರ್ ಪೆನ್ನು ಯಾವಾಗಲೋ ದಾಟಿಬಂದ ಮೆಟ್ಟಿಲು. ಆದರೆ 1935ರಲ್ಲಿ ಗಾಂಧೀಜಿ ಮೆಚ್ಚಿ ಪತ್ರ ಬರೆದ ರಾಜಮಹೇಂದ್ರಿಯ ರತ್ನಂ ಪೆನ್ನುಗಳ ಪರಂಪರೆ ಡ್ರಾಪರಿನದೇ, ಭಾರತದ ಕುಶಲಕರ್ಮಿಗಳು ಇಂದಿಗೂ ಅಂಥವನ್ನು ಕಡೆಯುತ್ತಿದ್ದಾರೆ. ಇದನ್ನು ಹಿಂದುಳಿದಿರುವಿಕೆ ಎನ್ನುವುದು ತಪ್ಪು. ದಖ್ಖನಿನ ಹವೆಯಲ್ಲಿ ಹಳೆಯ ವಿಧಾನವೇ ಹೆಚ್ಚು ಒಗ್ಗುವಂಥದು.

ಸೊಲ್ಲಾಪುರ, ಅಕ್ಕಲಕೋಟೆಯ ಸೀಮೆಯನ್ನೇ ನೋಡೋಣ. ಬೇಸಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾವು ಹೆಚ್ಚಿದಷ್ಟೂ ರಬ್ಬರ್ ಚೀಲ ಬೇಗ ಬಿರುಸಾಗುತ್ತದೆ ಇಲ್ಲವೇ ಜಿಗುಟಾಗುತ್ತದೆ. ಬದಲಿಸಬೇಕಾದರೆ ಅದೇ ಅಳತೆಯ ಚೀಲ, ಅಂಟಿಸಲು ಅರಗು, ಬಲ್ಲ ಕೈ, ಮೂರೂ ಬೇಕು. ಡ್ರಾಪರ್ ಪೆನ್ನಿನ ಎಬೊನೈಟ್ ಕೂಡ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರೇ. ಬಿಸಿಲಿಗೆ ಅದರ ಬಣ್ಣ ಕಂದುತ್ತದೆ, ಆದರೆ ಒಳಗೆ ಕೆಡುವ ಯಂತ್ರವೇ ಇಲ್ಲ. ಶಾಯಿಯ ಮಾತೂ ಇದೆ. ದಾಂಡೇಕರ್ ಎಂಬವರು 1931ರಲ್ಲಿ ಮುಂಬಯಿಯಲ್ಲಿ ತಯಾರಿಸತೊಡಗಿದ ಹಾರ್ಸ್ ಬ್ರ್ಯಾಂಡ್ ಶಾಯಿಪುಡಿ, ಗುಳಿಗೆಗಳನ್ನು ಕೊಂಡವರು ತಾವೇ ನೀರಿನಲ್ಲಿ ಕರಗಿಸಿಕೊಳ್ಳಬೇಕಿತ್ತು. ಅಂಥ ಶಾಯಿಯ ಗಸಿ ಚೀಲದೊಳಗೆ ಕುಳಿತರೆ ತೆಗೆಯುವುದು ಕಷ್ಟ. ಡ್ರಾಪರ್ ಪೆನ್ನಿನ ಕೊಳವೆಯನ್ನು ತಿರುಗಿಸಿ ಬಿಚ್ಚಿ ತೊಳೆದರೆ ಮುಗಿಯಿತು.

ಇದು ಆಯ್ಕೆಯಲ್ಲ, ಬಡತನ ಎನ್ನಬಹುದು. ಅಗ್ಗದ ಬೆಲೆಯ ಪಾತ್ರ ದೊಡ್ಡದು, ನಿಜ. ಆದರೆ ದುಬಾರಿ ಪೆನ್ನು ಮಾಡುವ ಪಾರ್ಕರ್ ಕಂಪನಿಯೇ 1948ರಲ್ಲಿ ತನ್ನ ‘51’ ಎಂಬ ಪೆನ್ನಿಗೆ ಪ್ಲಾಸ್ಟಿಕ್ ಚೀಲ ಹಾಕಿತಲ್ಲ! ರಬ್ಬರಿನ ಬಾಳಿಕೆಯ ತೊಂದರೆ ಬಡವರದು ಮಾತ್ರ ಆಗಿರಲಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಸೋರಿಕೆಯದು. ಡ್ರಾಪರ್ ಪೆನ್ನಿನಲ್ಲಿ ಬೆರಳ ಕಾವು ನೇರವಾಗಿ ಕೊಳವೆಯೊಳಗಿನ ಗಾಳಿಗೆ ತಾಗುತ್ತದೆ. ಹಿಗ್ಗಿದ ಗಾಳಿ ಶಾಯಿಯನ್ನು ನಿಬ್ಬಿನ ಕೆಳಗಿನ ನಾಲಿಗೆಯ ಮೂಲಕ ಹೊರದೂಡುತ್ತದೆ. 2 ಮಿಲಿಲೀಟರ್ ಗಾಳಿ 10 ಡಿಗ್ರಿ ಕಾದರೆ ಸುಮಾರು 0.07 ಮಿಲಿಲೀಟರ್ ಹಿಗ್ಗುತ್ತದೆ, ಅಂದರೆ ಒಂದು ಹನಿಗಿಂತ ತುಸು ಹೆಚ್ಚು. ಕಾಗದ ಕೆಡಲು ಅಷ್ಟು ಸಾಕು. ಚೀಲದ ಸುತ್ತ ಗಾಳಿಯ ಪದರವಿರುವ ಪೆನ್ನು ಈ ವಿಷಯದಲ್ಲಿ ಮೇಲು ಎಂದು ಒಪ್ಪಲೇಬೇಕು. ಆದರೆ ಹೊರಗೆ 40 ಡಿಗ್ರಿ ಇರುವಾಗ ಬೆರಳೇ ಪೆನ್ನಿಗಿಂತ ತಂಪು, ಹಿಡಿದರೆ ಗಾಳಿ ಹಿಗ್ಗುವುದಿಲ್ಲ, ಕುಗ್ಗುತ್ತದೆ. ಮಣ್ಣಿನ ಮಾಳಿಗೆ ಮನೆಯ ತಂಪಿನಿಂದ ಪೆನ್ನನ್ನು ಜೇಬಿನಲ್ಲಿಟ್ಟು ಮಧ್ಯಾಹ್ನದ ಬಿಸಿಲಿಗೆ ಇಳಿದಾಗ, ಇಲ್ಲವೇ ಚಳಿಗಾಲದ ಮುಂಜಾನೆ ತಣ್ಣಗಿನ ಪೆನ್ನನ್ನು ಕೈಗೆತ್ತಿಕೊಂಡಾಗ ಮಾತ್ರ ಎಚ್ಚರ ಬೇಕು. ಅದಕ್ಕೂ ದಾರಿಯಿದೆ: ಶಾಯಿ ಮೂರನೇ ಒಂದು ಪಾಲಿಗೆ ಇಳಿಯುವ ಮೊದಲೇ ಮತ್ತೆ ತುಂಬಿದರೆ ಹಿಗ್ಗಲು ಒಳಗೆ ಹೆಚ್ಚು ಗಾಳಿ ಉಳಿಯುವುದಿಲ್ಲ.